ನೋಡದವರು ಯಾರಾರ ಇದ್ದೀರೇನ್ರಿ?

ಟಾಯರ್ ಪಂಚರ್ ಆಗಿ ನಮ್ಮ ಬಸ್ಸು ಖಟಕ ಚಿಂಚೋಳಿ ದಾಟಿ ನಿಂತಿತ್ತು. ನನ್ನ ಬಾಜೂಕ ಒಬ್ಬ ಸಾಲಿ ಹುಡುಗಿ ಅಳಕೋತ ಕುಂತಿದ್ಳು.

"ಭಾಲ್ಕಿ ಮುಟ್ಟೋದ್ರಾಗ ಊಹಾ ಬರೀಬೇಕ್ರಿ ಆಯಿ. ಚೆಂಡು ಹ್ಯಾಂಗ ಒಗದ್ರ ಭಾಳ ದೂರ ಹೋಗ್ತದ ಅಂತ. ಬರೀಲಿಲ್ಲಂದ್ರ ಸರ್ ಪ್ರಯೋಗಕ್ಕ ಕೂಡಿಸ್ಕೊಳ್ಳಲ್ಲ."

"ಇಷ್ಟಕ್ಕ ಯಾಕ ಅಳ್ತಿ?" ಅಂದು ನನ್ನ ಪೇರಲಹಣ್ಣಿನ ಬುಟ್ಟಿ ರಸ್ತಾಕ್ಕ ಇಳಿಸಿದೆ. ಚೆಂಡಿನ ಬದಲಿ ಒಂದು ಹಣ್ಣು ನಾನು ಮುಗಿಲಿಗೆ ಒಗದೆ.

"ಆಯಿ, ಕಾಗಿ ಹೊಡೀತೀರೇನು?" ಅಂತ ನಕ್ಕು ಕಂಡಕ್ಟರ್ ಇನ್ನೊಂದು ನೆಲಕ್ಕ ಸಮ ಅಡ್ಡಕ ಒಗದ. ಆಮ್ಯಾಲ ಬಸ್ಸಿನ ಮಂದಿಯೆಲ್ಲಾ ಒಗದ್ರು. ಪೂರಾ ಮ್ಯಾಲೂ ಅಲ್ಲ, ಪೂರಾ ಅಡ್ಡಕೂ ಅಲ್ಲ, ನಡುವ ಓರೆಯಾಗಿ ಒಗದದ್ದೇ ಎಲ್ಲಾಕ್ಕಿಂತ ದೂರ ಬಿತ್ತು.

"ಬರೀವಾ ಈಗ!" ಅಂದೆ.

ಹುಡುಗಿ ಮತ್ತಷ್ಟು ಅತ್ತಳು. "ಕಣ್ಣಾರೆ ನೋಡಿದ ಮ್ಯಾಲ ಅದು ಊಹಾ ಹ್ಯಾಂಗ ಆಗ್ತದರಿ? ತಪ್ಪಾದ್ರೂ ನಡೀತದ, ನೋಡೋಕಿಂತ ಮೊದಲ ಬರೀಬೇಕು!"

ನೋಡದವರನ್ನ ಹುಡುಕಿದ್ವಿ. ಬಸ್ಸಿನ ಕೆಳಗ ಜ್ಯಾಕ್ ಹಚ್ಚಕೋತ ಮಲಗಿದ್ದ ಡ್ರೈವರ್ ಒಬ್ಬನೇ ಸಿಕ್ಕ.

"ಡ್ರೈವರ್ ಸಾಹೇಬ್ರ, ಚೆಂಡು ಹ್ಯಾಂಗ ಒಗದ್ರ ದೂರ ಹೋಗ್ತದರಿ?"

"ನೆಟ್ಟಗ ಮ್ಯಾಲಕ್ಕ!" ಅಂತ ಅಲ್ಲಿಂದಲೇ ಕೂಗಿದ.

ಹುಡುಗಿ ಕಣ್ಣೊರೆಸಿಕೊಂಡು ಅದನ್ನೇ ಬರಕೊಂಡ್ಳು. ಖರೇ ಏನಂತ ಅಂವಗ ಯಾರೂ ಹೇಳಲಿಲ್ಲ. ನಮ್ಮನ್ನೆಲ್ಲಾ ಭಾಲ್ಕಿಗಿ ಮುಟ್ಟಿಸಾವ ಅಂವನೇ ಅಲ್ಲೇನು.