ಬೆಲ್ಲ ಹೊತ್ತು ಹಾರಿದ ಮರುಳಸಿದ್ದಮ್ಮ

ಎಮ್ಮಿಗನೂರಿನ ಮರುಳಸಿದ್ದಮ್ಮ ವಿಮಾನ ಹಾರಿಸಿದ್ದು ಮೂವತ್ತೆಂಟನೇ ಇಸವಿಯಲ್ಲಿ, ಭತ್ತದ ಕೊಯ್ಲು ಮುಗಿದ ಮೇಲೆ. ಹುಣ್ಣಿಮೆಗೆ ಹಂಪಿಗೆ ಹೋಗುವಾಗ ಅವರ ಬಂಡಿಯಲ್ಲಿ ಕೂತು ನಾನು ಕೇಳಿದ್ದು ಇದು.

ಗಂಡ ತೋಟಪ್ಪನವರದು ಅಕ್ಕಿ ಗಿರಣಿ. ಮೋಟಾರ್ ಸೈಕಲ್ಲಿನ ಎಂಜಿನ್, ಮರದ ಪಟ್ಟಿ, ವಾರ್ನಿಷ್ ಬಳಿದ ಬಟ್ಟೆ ಸೇರಿಸಿ ಒಬ್ಬರು ಕೂರುವ ವಿಮಾನವನ್ನು ಗಿರಣಿಯ ಅಂಗಳದಲ್ಲೇ ಕಟ್ಟಿದ್ದರು. ಕೊಯ್ದ ಗದ್ದೆಯಲ್ಲಿ ಅದು ಓಡಿತು, ಏಳಲಿಲ್ಲ. ಅವರ ದೊಡ್ಡ ಮೈ ಆ ಸಣ್ಣ ಎಂಜಿನ್ನಿಗೆ ಭಾರವಾಗಿತ್ತು. ರೊಟ್ಟಿ ಬಿಟ್ಟು ಗಂಜಿ ಕುಡಿದರು. ಹೊಟ್ಟೆ ಕರಗಲಿಲ್ಲ, ಸಿಟ್ಟು ಬೆಳೆಯಿತು. ಸೋಮವಾರ ಗದ್ದೆಗೆ ಕಾಲುವೆ ನೀರು ಬಿಡುವುದಿತ್ತು. ಅಷ್ಟರಲ್ಲಿ ಹಾರದಿದ್ದರೆ ರೆಕ್ಕೆ ಒಡೆದು ಒಲೆಗೆ ಹಾಕುವುದಾಗಿ ಹೇಳಿಬಿಟ್ಟಿದ್ದರು.

"ನಾ ಕುಂದರ್ತೀನ್ರಿ," ಎಂದರು ಮರುಳಸಿದ್ದಮ್ಮ. ಗಂಡ ಹೊರಗೆ ನಿಂತು ಎಂಜಿನ್ ಸದ್ದು ಆಲಿಸುವಾಗಲೆಲ್ಲ ಒಳಗೆ ಕೂತು ಗದ್ದೆ ತುಂಬ ಓಡಿಸಿದವರು ಅವರೇ.

"ಹುಚ್ಚಿ, ಬಿದ್ರ?"

"ನೀವು ಬಿದ್ರ ಎತ್ತಾಕ ಊರ ಮಂದಿ ಬೇಕು. ನನ್ನ ನೀವೊಬ್ರೇ ಎತ್ತಬಹುದು."

ವಿಮಾನ ಎದ್ದಿತು. ಆಳೆತ್ತರ ಹೋಗುವಷ್ಟರಲ್ಲಿ ಮೂತಿ ಮೇಲಾಗಿ, ಬಾಲ ಜಗ್ಗಿ, ಧೊಪ್ಪನೆ ಬಿತ್ತು. ಪುಣ್ಯಕ್ಕೆ ಚಕ್ರವಷ್ಟೇ ಬಾಗಿತು. ಪಕ್ಕದ ಕಬ್ಬಿನ ಗಾಣದ ಜಡೆಪ್ಪ ಬದುವಿನ ಮೇಲೆ ನಿಂತು ನಕ್ಕ.

"ತೋಟಪ್ಪಣ್ಣ, ನೀ ಕುಂತ್ರ ಏಳಂಗಿಲ್ಲ, ಅಕ್ಕ ಕುಂತ್ರ ನಿಲ್ಲಂಗಿಲ್ಲ! ಇಬ್ರನ್ನೂ ಕಲಸಿ ಒಬ್ರನ್ನ ಮಾಡ್ರಿ!"

ಮರುಳಸಿದ್ದಮ್ಮ ನಗಲಿಲ್ಲ. "ಖರೇ ಐತ್ರಿ. ಮುಂದ ನಿಮ್ಮ ಮೈ ಕುಂದರ್ತೈತಿ ಅಂತ ಹಿಂದ ಬಾಲ ಭಾರ ಮಾಡೀರಿ. ನಾ ಹಗುರ. ಬಂಡ್ಯಾಗ ಹಿಂದ ಹೇರು ಹೆಚ್ಚಾದ್ರ ನೊಗ ಮ್ಯಾಲೇಳಂಗಿಲ್ಲೇನು? ಹಂಗ ಆತು. ಜಡೆಪ್ಪ, ಮುಂದ ಹೇರಾಕ ಒಂದು ಬೆಲ್ಲದ ಪೆಂಟಿ ತಾರಪ್ಪ. ಹಾರಿ ಬಂದ್ರ ಅದು ಹಂಪಿ ಸ್ವಾಮಿಗೆ."

"ಬೆಲ್ಲ ನಂದು, ಹರಕಿ ನಿಂದೇನಬೇ?" ಎನ್ನುತ್ತಲೇ ಅವನು ಕಲ್ಲುಗುಂಡಿನಂಥ ದೊಡ್ಡ ಬೆಲ್ಲದ ಗಟ್ಟಿಯನ್ನೇ ಹೊತ್ತು ತಂದ.

ಚಕ್ರ ನೆಟ್ಟಗಾಯಿತು. ಭಾನುವಾರ ಬೆಳಿಗ್ಗೆ ಪೆಂಟಿಯನ್ನು ಕಾಲ ಮುಂದೆ ಬಿಗಿದು, ಕಚ್ಚೆ ಹಾಕಿ, ಸ್ವಾಮಿಯನ್ನು ನೆನೆದು ಕೂತರು. ಈ ಸಲ ಮೂತಿ ಸಮವಾಗಿತ್ತು. ಬದು ದಾಟಿತು, ಕಬ್ಬು ದಾಟಿತು, ತೆಂಗಿನ ತಲೆಗಳನ್ನೂ ದಾಟಿತು. ತೋಟಪ್ಪನವರು ರುಮಾಲು ಬಿಚ್ಚಿ ಬೀಸುತ್ತ ಅದರ ನೆರಳಿನ ಹಿಂದೆ ಓಡಿದರು. ಹೊಳೆಯ ಮೇಲೆ ಸುತ್ತಿ ಬಂದು ಮರುಳಸಿದ್ದಮ್ಮ ಅದೇ ಗದ್ದೆಯಲ್ಲಿ ಇಳಿದರು.

"ಮ್ಯಾಲಿಂದ ಏನ್ ಕಾಣ್ತು?" ತೋಟಪ್ಪನವರಿಗೆ ಏದುಸಿರು, ಕಣ್ಣಲ್ಲಿ ನೀರು.

"ನೀವು ಓಡಾದು ಕಾಣ್ತ್ರಿ. ಮೊದಲಿಂದ ಹಿಂಗ ಓಡಿದ್ರ ನೀವ ಹಾರಬಹುದಿತ್ತು."

ಸೋಮವಾರ ಗದ್ದೆಗೆ ನೀರು ಬಂತು. ಅಷ್ಟರಲ್ಲಿ ನಾನೂ ಕೂತಿದ್ದ ಅವರ ಬಂಡಿ ಹಂಪಿಯ ದಾರಿ ಹಿಡಿದಿತ್ತು. ಪೆಂಟಿಯನ್ನು ತೊಡೆಯ ಮೇಲಿಟ್ಟುಕೊಂಡ ಜಡೆಪ್ಪ, ಹಾರಿದ ಬೆಲ್ಲ ತನ್ನ ಗಾಣದ್ದೆಂದು ಎದುರಾದವರಿಗೆಲ್ಲ ಕೂಗಿ ಹೇಳುತ್ತಿದ್ದ.