ಸೀರೆ ಅಂಗಡಿಯ ನೆಲಮಾಳಿಗೆಗೆ ಸಿಗ್ನಲ್ ಬಂತು

ಗೆಳೆಯರೇ, ಶಿವಮೊಗ್ಗದ ಸೀರೆ ಅಂಗಡಿಯೊಂದರಲ್ಲಿ ಇವತ್ತು ನನ್ನ ಮಾನ ಹೋಯಿತು. ಅದರ ನೆಲಮಾಳಿಗೆಯಲ್ಲಿ ಮೊಬೈಲ್ ಸಿಗುತ್ತಿರಲಿಲ್ಲ. ತಾರಸಿಯ ಆಂಟೆನಾದಿಂದ ತಾಮ್ರದ ಕೇಬಲ್ ಇಳಿಸಿ, ಬೂಸ್ಟರ್ ಕೂರಿಸಿ, ಸಿಗ್ನಲ್ ಕೆಳಗೆ ತರುವುದು ನನ್ನ ಕೆಲಸ. ಮಧ್ಯಾಹ್ನ ಮುಗಿಸಿದವನೇ ಮಾಲೀಕರ ಮುಂದೆ, "ಇನ್ನು ಇಲ್ಲಿ ಪಿಸುಗುಟ್ಟಿದ್ರೂ ಕೇಳುತ್ತೆ ಸಾರ್" ಎಂದು ಭಾಷಣ ಬಿಗಿಯುತ್ತಿದ್ದೆ.

ಆಗಲೇ ನನ್ನ ಫೋನು ಹೊಡೆದುಕೊಂಡಿತು. ಭದ್ರಾವತಿ ನ್ಯೂ ಟೌನಿನ ಮನೆಯಿಂದ ಹೆಂಡತಿ. "ಎಲ್ಲಿದೀರಿ? ಕುಂಸಿಯಿಂದ ಅಣ್ಣ ಬಂದು ಕೂತಿದಾನೆ."

ಭಾವನ ಉಪದೇಶ ಕೇಳುವುದಕ್ಕಿಂತ ಗೋಡೆ ಕೊರೆಯುವುದೇ ಮೇಲು. ರೂಢಿಯಾದ ಮಾತು ತಾನಾಗಿ ಹೊರಬಿತ್ತು. "ಅಂಡರ್‌ಗ್ರೌಂಡಲ್ಲಿದೀನಿ ಮಾರಾಯ್ತಿ, ಇಲ್ಲಿ ಸಿಗ್ನಲ್ಲೇ ಇಲ್ಲ."

ಮಾಲೀಕರ ಮುಖ ಕಪ್ಪಿಟ್ಟಿತು. "ಏನ್ ಸ್ವಾಮಿ, ಸಿಗ್ನಲ್ ಇಲ್ವಾ? ಮತ್ತೆ ಗೋಡೆಯೆಲ್ಲಾ ಯಾಕೆ ತೂತು ಮಾಡಿದ್ರಿ?"

"ಇದೆ ಸಾರ್, ಫುಲ್ ಇದೆ" ಎಂದೆ. ಅದು ಹೆಂಡತಿಗೂ ಕೇಳಿಸಿತು.

"ಫುಲ್ ಇದ್ಯಾ? ಹಂಗಾದ್ರೆ ಇಷ್ಟು ದಿನ ನನಗೆ ಟೋಪಿ ಹಾಕ್ತಿದ್ರಾ?" ಎಂದು ಶುರುಮಾಡಿದವಳು ನಿಲ್ಲಿಸಲೇ ಇಲ್ಲ. ಸೀರೆ ಮಡಿಸುತ್ತಿದ್ದ ಹೆಂಗಸರು ಕೆಲಸ ಬಿಟ್ಟು ಕಿವಿಗೊಟ್ಟರು.

ಮಾಲೀಕರು ಮಾತ್ರ ಸಮಾಧಾನದಿಂದ ತಲೆಯಾಡಿಸಿದರು. "ನಿಮ್ಮ ಮನೆಯವರ ಒಂದೊಂದು ಮಾತೂ ಇಲ್ಲಿಗೇ ಕೇಳಿಸ್ತಿದೆ. ಕೆಲಸ ಚೆನ್ನಾಗಿ ಮಾಡಿದೀರಿ ಬಿಡಿ."

ಇದನ್ನು ನ್ಯೂ ಟೌನಿನ ಸೈಬರ್ ಸೆಂಟರಿನಲ್ಲಿ ಕೂತು ಬರೆಯುತ್ತಿದ್ದೇನೆ. ಮನೆ ಪಕ್ಕದ ಬೀದಿಯಲ್ಲೇ ಇದೆ. ಭಾವ ಇನ್ನೂ ಹೊರಟಿಲ್ಲವಂತೆ. ಫೋನು ಮತ್ತೆ ಹೊಡೆದುಕೊಳ್ಳುತ್ತಿದೆ, ಹೇಳಲು ಬೇರೆ ನೆಪವನ್ನು ನಾನು ಈವರೆಗೆ ಕಲಿತೇ ಇಲ್ಲ.