ಬೆಟ್ಟದ ಮೇಲಿನ ರಾಹುಕಾಲ

ಮೊನ್ನೆ ಸೋಮವಾರ ಬೆಳಿಗ್ಗೆ ಏಳೂ ಹತ್ತಕ್ಕೆ ಮಗಳ ಫೋನು. ನಮ್ಮ ಮನೆಯಲ್ಲಿ ಅದು ಎರಡನೇ ಲೋಟ ಕಾಫಿಯ ಹೊತ್ತು. ಆಗ ಫೋನ್ ಮಾಡಬಾರದೆಂದು ಅವಳಿಗೆ ಚೆನ್ನಾಗಿ ಗೊತ್ತು.

“ಅಪ್ಪಾ, ನರ್ಸರಿ ಒಳಗೆ ನೀರು ನುಗ್ಗಿದೆಯಂತೆ. ಇವತ್ತು ಕ್ಲೋಸ್ಡ್. ಹನ್ನೆರಡೂವರೆಗೆ ನನ್ನ ಇಂಟರ್‌ವ್ಯೂ. ಪಾಪೂನ ಎಲ್ಲಿ ಬಿಡ್ಲಿ?”

ಅನಘಾ ಲೀಡ್ಸ್‌ನಲ್ಲಿ ಡಾಕ್ಟರು. ವರ್ಷಗಟ್ಟಲೆ ಆಸ್ಪತ್ರೆಯ ಡ್ಯೂಟಿ ಪಟ್ಟಿಯ ಹಿಂದೆ ಓಡಿ, ಈಗ ಕನ್ಸಲ್ಟೆಂಟ್ ಹುದ್ದೆಯ ಬಾಗಿಲಿಗೆ ಬಂದಿದ್ದಾಳೆ. ಅಳಿಯ ಕೆಲಸದ ಮೇಲೆ ಡಬ್ಲಿನ್‌ಗೆ ಹೋಗಿದ್ದ. ಮೊಮ್ಮಗಳು ಮೀರಾಗೆ ಹತ್ತು ತಿಂಗಳು. ಹೊಸ ಮುಖ ಕಂಡರೆ ಕಿರುಚುವ ವಯಸ್ಸು. ನಾವಿಬ್ಬರು ಇರುವುದು ಸ್ಯಾಲ್ಫರ್ಡ್‌ನಲ್ಲಿ, ಎರಡೂ ಊರುಗಳ ನಡುವಿನ ಬೆಟ್ಟದ ಈಚೆ. ಕಾರಿನಲ್ಲಿ ಸುಮಾರು ಒಂದು ಗಂಟೆಯ ದಾರಿ.

“ಹನ್ನೊಂದಕ್ಕೆ ನಿನ್ನ ಬಾಗಿಲಲ್ಲಿರ್ತೀವಿ,” ಎಂದೆ. ನಾನು ಮೂವತ್ತೊಂದು ವರ್ಷ ಇಲ್ಲಿ ಜಿಪಿ, ಅಂದರೆ ಕುಟುಂಬ ವೈದ್ಯ, ಆಗಿದ್ದವನು. ಒಬ್ಬ ರೋಗಿಗೆ ಹತ್ತು ನಿಮಿಷ. ಹನ್ನೊಂದನೆಯ ನಿಮಿಷ ಮುಂದಿನವರದ್ದು. ನನ್ನ ಹನ್ನೊಂದೆಂದರೆ ಹನ್ನೊಂದೇ.

ರಾತ್ರಿಯಿಡೀ ಬೀಸಿದ ಗಾಳಿಗೆ ಪಕ್ಕದ ಮನೆಯ ಕಸದ ಡಬ್ಬ ನಮ್ಮ ಗುಲಾಬಿ ಗಿಡದ ಮೇಲೆ ಮಲಗಿತ್ತು. ಕಣಿವೆಯಲ್ಲಿ ಹಳಿ ಮುಳುಗಿ ರೈಲುಗಳೆಲ್ಲ ರದ್ದು. ಬೆಟ್ಟದ ಮೇಲೆ ಹಿಮ ಬೀಳಬಹುದೆಂದು ರೇಡಿಯೋ ಹೇಳುತ್ತಿತ್ತು.

“ರೀ, ಈಗಲೇ ಹೊರಟುಬಿಡೋಣ.” ನನ್ನ ಹೆಂಡತಿ ಲಲಿತಾ ಆಗಲೇ ಕೋಟು ಹಾಕಿಕೊಂಡಿದ್ದಳು.

ನಾನು ಗೋಡೆಯ ಕ್ಯಾಲೆಂಡರ್ ನೋಡಿದೆ. ಬೆಂಗಳೂರಿನಿಂದ ತರಿಸಿದ್ದು. ಸೋಮವಾರ ರಾಹುಕಾಲ ಏಳೂವರೆಯಿಂದ ಒಂಬತ್ತು. ಸ್ನಾನ, ತಿಂಡಿ ಮುಗಿಸಿ ಏಳೂವರೆಯೊಳಗೆ ಹೊರಡುವುದು ಅಸಾಧ್ಯ. “ಒಂಬತ್ತು ಕಳೀಲಿ. ಆಮೇಲೂ ಎರಡು ಗಂಟೆ ಕೈಲಿರುತ್ತೆ.”

“ನೀವು ರಾಹುಕಾಲ ನಂಬ್ತೀರಾ?”

“ನಂಬೋದಿಲ್ಲ. ಪಾಲಿಸ್ತೀನಿ.”

(ನಂಬಿಕೆ ಬೇರೆ, ಶಿಸ್ತು ಬೇರೆ. ಇದನ್ನು ಹೆಂಡತಿಗೆ ವಿವರಿಸಿ ಗೆದ್ದವರು ನಿಮ್ಮಲ್ಲಿ ಯಾರಾದರೂ ಇದ್ದರೆ ದಯವಿಟ್ಟು ನನಗೊಂದು ಸಾಲು ಬರೆಯಿರಿ.)

ಒಂಬತ್ತೂ ಐದಕ್ಕೆ ಹೊರಟೆವು. ಮೋಟಾರ್‌ವೇ ಬೆಟ್ಟ ಹತ್ತುತ್ತಿದ್ದಂತೆ ಗಾಜಿಗೆ ಬಡಿಯುತ್ತಿದ್ದ ಮಳೆಯ ಸದ್ದು ಮೆತ್ತಗಾಯಿತು. ಮಳೆ ಹಿಮವಾಗಿತ್ತು. ಇನ್ನೇನು ನೆತ್ತಿ ಬಂತು ಎನ್ನುವಾಗ ಮುಂದಿನ ಕಾರುಗಳ ಕೆಂಪು ದೀಪಗಳು ಒಂದೊಂದಾಗಿ ಹೊತ್ತಿಕೊಂಡವು. ಎಲ್ಲೋ ಮುಂದೆ ಗಾಳಿಗೆ ಲಾರಿಯೊಂದು ಮಗುಚಿಕೊಂಡಿತ್ತಂತೆ. ನಿಂತೆವು.

ಹತ್ತೂವರೆಗೆ ಅನಘಾಳ ಫೋನು. “ಎಲ್ಲಿದೀರಾ?”

“ಮೇಲಿದೀವಮ್ಮಾ.”

“ಮೇಲೆ ಅನ್ಬೇಡಿ, ಅಪಶಕುನ! ಬೆಟ್ಟದ ಮೇಲೆ ಅನ್ನಿ,” ಎಂದಳು ಪಕ್ಕದಿಂದ ಲಲಿತಾ.

ಮಗಳು ನಗಲಿಲ್ಲ. “ಬರಕ್ಕಾಗುತ್ತೋ ಇಲ್ವೋ, ಅಷ್ಟು ಹೇಳಿ ಅಪ್ಪಾ.”

“ಹೇಳಕ್ಕಾಗಲ್ಲ ಪುಟ್ಟಾ,” ಎಂದೆ. ಈ ದೇಶಕ್ಕೆ ಬಂದ ನಲವತ್ತು ವರ್ಷಗಳಲ್ಲಿ ನಾನು ಯಾರಿಗೂ ಹಾಗೆ ಹೇಳಿದವನಲ್ಲ. ಆಮೇಲೆ ಸಿಗ್ನಲ್ಲೂ ಹೋಯಿತು.

ಲಲಿತಾ ಮೇಷ್ಟರ ಮಗಳು, ತಾನೂ ಗಣಿತದ ಟೀಚರ್ ಆಗಿದ್ದವಳು. ಸುಮ್ಮನೆ ಕೂರಲಾರದೆ ಬೆರಳು ಮಡಿಚತೊಡಗಿದಳು. “ರಾಹುಕಾಲ ಅಂದ್ರೆ ಹಗಲಿನ ಎಂಟನೇ ಒಂದು ಪಾಲು ಅಲ್ವೇನ್ರೀ? ಸೋಮವಾರಕ್ಕೆ ಎರಡನೇ ಪಾಲು. ಇಲ್ಲಿ ಸೂರ್ಯ ಹುಟ್ಟೋದು ಎಂಟಕ್ಕೆ, ಮುಳುಗೋದು ನಾಲ್ಕಕ್ಕೆ. ಒಂದೊಂದು ಪಾಲು ಒಂದೊಂದು ಗಂಟೆ. ಅಲ್ಲಿಗೆ ಒಂಬತ್ತರಿಂದ ಹತ್ತು. ನಾವು ಮನೆ ಬಿಟ್ಟಿದ್ದು?”

“ಒಂಬತ್ತೂ ಐದು.”

“ಇನ್ನೂ ಹುಟ್ಟದೇ ಇರೋ ಸೂರ್ಯನ ರಾಹುಕಾಲ ಕಾದು, ಸರಿಯಾಗಿ ರಾಹುಕಾಲದಲ್ಲೇ ಹೊರಟಿದೀವಿ!” ಬಿದ್ದು ಬಿದ್ದು ನಕ್ಕಳು.

ಇಷ್ಟು ವರ್ಷ ಬೆಂಗಳೂರಿನ ಸೂರ್ಯನನ್ನು ಸ್ಯಾಲ್ಫರ್ಡ್‌ನ ಗೋಡೆಗೆ ಮೊಳೆ ಹೊಡೆದು ಬದುಕಿದ್ದೇನೆ.

ಎಂಜಿನ್ ಆರಿಸಿದೆ. ಗಾಳಿ ಕಾರನ್ನು ತೊಟ್ಟಿಲಿನಂತೆ ಮೆಲ್ಲಗೆ ತೂಗುತ್ತಿತ್ತು. ಮೊದಲು ರಸ್ತೆಯ ಬಿಳಿ ಗೆರೆಗಳು ಹೋದವು. ಆಮೇಲೆ ಬೇಲಿ. ಆಮೇಲೆ ದೂರದ ಕೆರೆ. ಒಂದಿಷ್ಟು ಕುರಿಗಳು ಇದ್ದವು, ನೋಡುತ್ತಿದ್ದಂತೆ ಅವೂ ಹಿಮದಲ್ಲಿ ಕರಗಿಹೋದವು. ಇಷ್ಟು ವರ್ಷ ಹಿಮವೆಂದರೆ ನನಗೆ ಬೆಳಿಗ್ಗೆ ಗಾಜಿನಿಂದ ಕೆರೆದು ಹಾಕಬೇಕಾದ ವಸ್ತು. ಅದು ಬೀಳುವುದನ್ನು ಕೂತು ನೋಡಿದವನಲ್ಲ. ಅದು ನೇರವಾಗಿ ಬೀಳುವುದಿಲ್ಲ. ಇಳಿಯುತ್ತದೆ, ಏನೋ ಮರೆತಂತೆ ಮತ್ತೆ ಮೇಲೇರುತ್ತದೆ, ಯೋಚಿಸಿ ಇಳಿಯುತ್ತದೆ.

ಲಲಿತಾ ನನ್ನ ಕೋಟಿನ ಜೇಬಿಗೆ ಕೈ ತೂರಿಸಿಕೊಂಡು ಏನೋ ಗುನುಗುತ್ತಿದ್ದಳು. ಅವಳು ಗುನುಗುತ್ತಾಳೆಂಬುದೇ ನನಗೆ ಮರೆತುಹೋಗಿತ್ತು. ಕ್ಲಿನಿಕ್ಕಿನ ದಿನಗಳಂತೆ ಕಾರಿಡಾರಿನಲ್ಲಿ ಯಾರೂ ನನಗಾಗಿ ಕಾಯುತ್ತಿರಲಿಲ್ಲ. (ಲೀಡ್ಸ್‌ನಲ್ಲಿ ಒಬ್ಬಳು ಕಾಯುತ್ತಿದ್ದಳು. ಅದು ಗೊತ್ತಿದ್ದೂ ಮರೆತೆ. ಇದನ್ನು ಬರೆಯಲು ನಾಚಿಕೆಯಾಗುತ್ತದೆ.) ಕಣ್ಣು ಯಾವಾಗ ಮುಚ್ಚಿತೋ. ಹಿಂದಿನವರು ಹಾರ್ನ್ ಹೊಡೆದಾಗ ಹನ್ನೆರಡೂ ಐದು.

ಲೀಡ್ಸ್ ತಲುಪಿದಾಗ ಒಂದೂಕಾಲು. ಮಗು ಪಕ್ಕದ ಮನೆಯಲ್ಲಿದೆಯೆಂದು ಅನಘಾಳ ಮೆಸೇಜ್ ದಾರಿಯಲ್ಲೇ ಸಿಕ್ಕಿತ್ತು. ಆ ಮನೆಯ ಮೌರೀನ್ ಎಂಬ ಹಿರಿಯ ಹೆಂಗಸು ತುಟಿಯ ಮೇಲೆ ಬೆರಳಿಟ್ಟುಕೊಂಡು ಬಾಗಿಲು ತೆರೆದರು. ಮೀರಾ ಅವರ ಸೋಫಾದ ಮೇಲೆ ನಿದ್ದೆಹೋಗಿದ್ದಳು. ಅರ್ಧ ಗಂಟೆ ಕಿರುಚಿದಳಂತೆ. ಆ ಕಿರುಚಾಟದ ನಡುವೆಯೇ ಅನಘಾ ಹೊರಡಬೇಕಾಯಿತಂತೆ.

ಎರಡಕ್ಕೆ ಅವಳು ಬಂದಳು. ಶೂ ಕೂಡ ಬಿಚ್ಚದೆ ಮೆಟ್ಟಿಲ ಮೇಲೆ ಕೂತಳು.

“ಮೊದಲ್ನೇ ಪ್ರಶ್ನೆಗೆ ಬ್ಲ್ಯಾಂಕ್ ಆಗ್ಬಿಟ್ಟೆ ಅಮ್ಮಾ. ಕಿವೀಲಿ ಬರೀ ಇವಳ ಅಳು. ಆಮೇಲೆ ಪರವಾಗಿಲ್ಲ. ಶುಕ್ರವಾರ ಹೇಳ್ತಾರಂತೆ.” ಮಗುವನ್ನು ಎದೆಗೊತ್ತಿಕೊಂಡು ನನ್ನತ್ತ ನೋಡಿದಳು. “ಪಾಪ, ಅಷ್ಟು ಹೊತ್ತು ಹಿಮದಲ್ಲಿ. ತುಂಬಾ ಕಷ್ಟ ಆಯ್ತೇನಪ್ಪಾ ನಿಮಗೆ?”

“ತುಂಬಾ,” ಎಂದೆ. ಲಲಿತಾ ಕಿಟಕಿಯ ಕಡೆ ತಿರುಗಿಕೊಂಡಳು.

ಬದುಕಿನಲ್ಲಿ ಅಷ್ಟು ಸುಖವಾಗಿ ಕೂತಿದ್ದ ಹೊತ್ತು ಇನ್ನೊಂದಿಲ್ಲವೆಂದು, ಅದರ ಬೆಲೆ ತೆತ್ತ ಮಗಳಿಗೆ ಹೇಳುವುದು ಹೇಗೆ?